ಮಾರ್ಕೋನಹಳ್ಳಿಯಲ್ಲಿ ಮಗಳು ಉಂಡ ವರ್ಷ

ನಮ್ಮ ಮಹಡಿ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹುಡುಗಿ ಮೊನ್ನೆ ಬೆಳಿಗ್ಗೆ ಮೊಳಕೆ ಕಟ್ಟಿದ ರಾಗಿ ಹುರಿಯುತ್ತಿದ್ದಳು. ಶೆಟ್ಟಿಹಳ್ಳಿಯ ಈ ಬೀದಿಯಲ್ಲಿ ಆ ಹೊತ್ತಿಗೆ ಮೂಗಿಗೆ ಬರುವುದು ಹೆಚ್ಚಾಗಿ ಒಗ್ಗರಣೆ, ಊದುಬತ್ತಿ, ಸ್ಕೂಟರಿನ ಹೊಗೆ. ಹುರಿದ ರಾಗಿಯ ಘಮ ಬಂದು ಎಷ್ಟೋ ವರ್ಷವಾಗಿತ್ತು. ಕಾಫಿ ಲೋಟ ಹಿಡಿದುಕೊಂಡು ಮೆಟ್ಟಿಲ ಕೆಳಗೆ ಹಾಗೇ ನಿಂತುಬಿಟ್ಟೆ.

ನನ್ನನ್ನು ಕಂಡು ಅವಳು ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಮೇಲಿನಿಂದಲೇ ಕೂಗಿದಳು: "ಆಂಟಿ, ಇವ್ನು ಏನ್ ಕೊಟ್ರೂ ಉಗೀತಾನೆ. ನೀವು ಮಕ್ಕಳನ್ನ ಹೇಗೆ ಬೆಳೆಸಿದ್ರಿ?"

"ಬರ್ತೀನಿ ಇರು" ಎಂದೆ. ಆದರೆ ತಕ್ಷಣ ಮೆಟ್ಟಿಲು ಹತ್ತಲಾಗಲಿಲ್ಲ. ಆ ವಾಸನೆ ನನ್ನನ್ನು ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲಕ್ಕೆ ಎಳೆದುಕೊಂಡು ಹೋಗಿತ್ತು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಯ ಕೆಳಗಿದ್ದ ಕ್ವಾರ್ಟರ್ಸಿಗೆ, ಬಟ್ಟಲು ಹಿಡಿದು ಮಗುವಿನ ಹಿಂದೆ ಓಡುತ್ತಿದ್ದ ಇಪ್ಪತ್ತಮೂರರ ಹರೆಯದ ನನ್ನ ಹತ್ತಿರಕ್ಕೆ.

ನಾನು ಹುಟ್ಟಿ ಬೆಳೆದದ್ದು ತುಮಕೂರು ಪೇಟೆಯಲ್ಲಿ. ಕೊಟ್ಟದ್ದು ಗುಬ್ಬಿಗೆ. ನನ್ನವರು ನೀರಾವರಿ ಇಲಾಖೆಯಲ್ಲಿ ಓವರ್‌ಸೀಯರ್. ಮಗಳು ಉಮಾಳಿಗೆ ಎರಡು ವರ್ಷ ತುಂಬುವುದರೊಳಗೆ ಅವರಿಗೆ ಮಾರ್ಕೋನಹಳ್ಳಿಗೆ ವರ್ಗವಾಯಿತು. ಆ ಬೇಸಿಗೆಯಲ್ಲಿ ನಾವು ಟ್ರಂಕು, ಹಾಸಿಗೆ ಸುರುಳಿ, ಪಾತ್ರೆ ಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋದೆವು. ಕೆರೆಯಲ್ಲಿ ನೀರು ತಳ ಹಿಡಿದಿತ್ತು. ಅಂಚಿನ ಕೆಸರು ಒಣಗಿ ಹಪ್ಪಳದ ಹಾಗೆ ಬಿರಿದಿತ್ತು. ಸಾಲಾಗಿ ಕೆಲವು ಹೆಂಚಿನ ಮನೆಗಳು, ಮುಂದೆ ಒಂದು ದೊಡ್ಡ ಹೊಂಗೆ ಮರ, ಸುತ್ತ ಬಿಸಿಲು. ಸಂತೆಗೆ ಹೋಗಬೇಕೆಂದರೂ ಬಸ್ಸು ಹಿಡಿಯಬೇಕು.

ಅಲ್ಲಿಗೆ ಹೋಗುವ ಮುಂಚೆ ಉಮಾಳಿಗೆ ದಡಾರ ಬಂದು ಹೋಗಿತ್ತು. ಜ್ವರ ಇಳಿಯಿತು, ಊಟ ಮಾತ್ರ ಮರಳಿ ಹತ್ತಲಿಲ್ಲ. ತೋಳು ಹಿಡಿದರೆ ನನ್ನ ಎರಡು ಬೆರಳಿನ ನಡುವೆ ಸಿಗುತ್ತಿತ್ತು. ಕಣ್ಣು ಮಾತ್ರ ಮುಖದ ತುಂಬ. ನನಗೆ ಅದೊಂದೇ ಚಿಂತೆ. ಬೆಳಗಾದರೆ ಏನು ತಿನ್ನಿಸಲಿ, ಮಧ್ಯಾಹ್ನವಾದರೆ ಏನು ತಿನ್ನಿಸಲಿ, ಅಷ್ಟೇ ನನ್ನ ಲೋಕ.

ತಿನ್ನಿಸುವುದೆಂದರೆ ಒಂದು ಮೆರವಣಿಗೆ. ಅನ್ನ, ಬೇಳೆಕಟ್ಟು, ತುಪ್ಪ ಹಾಕಿ ನುಣ್ಣಗೆ ಹಿಸುಕಿ ಬಟ್ಟಲಲ್ಲಿ ಹಿಡಿದು ಹೊರಟರೆ ಬಾವಿಕಟ್ಟೆ, ಹೊಂಗೆ ಮರ, ಆಫೀಸಿನ ಜೀಪು, ಮತ್ತೆ ಮನೆ. "ಕಾಗೆಗೊಂದು ತುತ್ತು, ಗುಬ್ಬಿಗೊಂದು ತುತ್ತು" ಎಂದರೆ ಅವಳು ಬಾಯಿ ಮುಚ್ಚಿಕೊಂಡೇ ನಿಜವಾದ ಕಾಗೆಯನ್ನು ತೋರಿಸುತ್ತಿದ್ದಳು, ಅದಕ್ಕೇ ಹಾಕು ಎನ್ನುವ ಹಾಗೆ. ಗುಬ್ಬಿ ಎಂದರೆ ಇನ್ನೊಂದು ಫಜೀತಿ. ಅವಳ ಅಜ್ಜಿ, ನನ್ನ ಅತ್ತೆ, ಇದ್ದದ್ದು ಗುಬ್ಬಿ ಊರಿನಲ್ಲಿ. "ಅಜ್ಜಿ ಗುಬ್ಬೀನಾ? ಹಾರ್ತಾಳಾ?" ಎಂದು ಕೇಳುವಳು. ಅದಕ್ಕೆ ಉತ್ತರ ಹೇಳುವಷ್ಟರಲ್ಲಿ ಅನ್ನ ತಣ್ಣಗಾಗುವುದು, ತುಪ್ಪ ಹೆಪ್ಪುಗಟ್ಟುವುದು. ಮತ್ತೆ ಒಳಗೆ ಹೋಗಿ ಬಿಸಿ ಮಾಡು, ಮತ್ತೆ ಹೊರಡು. ಮೂರು ತುತ್ತು ಒಳಗೆ ಹೋದರೆ ಎರಡು ಹೊರಗೆ. ಕೊನೆಗೆ ಸೋತು, ಹೊಟ್ಟೆ ಖಾಲಿ ಇರಬಾರದೆಂದು ಒಂದು ಲೋಟ ಹಾಲು, ಅದರಲ್ಲಿ ಅದ್ದಿದ ಬಿಸ್ಕತ್ತು.

ನನ್ನವರು ಸಂಜೆ ಬಂದು ಹೇಳುತ್ತಿದ್ದರು: "ನಿನ್ ಮಗಳ ಬಾಯಿ ತೆಗಿಸೋದಕ್ಕಿಂತ ನಮ್ ತೂಬಿನ ಗೇಟ್ ಎತ್ತೋದು ಸುಲಭ."

ಕುಣಿಗಲ್‌ನಲ್ಲಿ ಒಬ್ಬ ವಯಸ್ಸಾದ ಡಾಕ್ಟರಿದ್ದರು. ಅವರ ಹತ್ತಿರ ಕರೆದುಕೊಂಡು ಹೋದೆವು. ಅವರು ಉಮಾಳ ಹೊಟ್ಟೆ ಒತ್ತಿ, ಕಣ್ಣು ರೆಪ್ಪೆ ಎಳೆದು ನೋಡಿ, ನನ್ನ ಕಡೆ ತಿರುಗಿ, "ಇವಳಿಗೆ ಹಸಿವಾಗೋಕೆ ಯಾವತ್ತಾದ್ರೂ ಬಿಟ್ಟಿದ್ದೀಯೇನಮ್ಮ?" ಎಂದರು. ನನಗೆ ಸಿಟ್ಟು ಬಂತು. ಊಟವೇ ಮಾಡದ ಮಗುವನ್ನು ಹಸಿದಿರಲು ಬಿಡು ಎನ್ನುವ ಡಾಕ್ಟರನ್ನು ನಾನು ಕಂಡೇ ಇರಲಿಲ್ಲ. ಅವರು ಬರೆದ ಟಾನಿಕ್ಕು ತಂದೆ, ಮಾತು ಅಲ್ಲೇ ಬಿಟ್ಟು ಬಂದೆ.

ನಮ್ಮ ಪಕ್ಕದ ಮನೆಯಲ್ಲಿ ಜಯಮ್ಮ ಇದ್ದಳು. ಹುಲಿಯೂರುದುರ್ಗದ ಕಡೆಯವಳು, ನನಗಿಂತ ಒಂದೆರಡು ವರ್ಷ ಚಿಕ್ಕವಳು. ಅವಳ ಗಂಡ ನಂಜೇಗೌಡರು ಅಣೆಕಟ್ಟೆಯ ಗೇಟು ನೋಡಿಕೊಳ್ಳುತ್ತಿದ್ದರು. ಅವರ ಮಗ ಮಂಜ ಉಮಾಳ ವಾರಿಗೆಯವನು. ಮೊದಮೊದಲು ಜಯಮ್ಮ ನನ್ನನ್ನು "ಓವರ್ಸೀರಮ್ಮಾರೆ" ಎನ್ನುತ್ತ ದೂರವೇ ಇದ್ದಳು. ನಾನು ಬಟ್ಟಲು ಹಿಡಿದು ಅವಳ ಮನೆ ಮುಂದೆ ಹಾದುಹೋದಾಗೆಲ್ಲ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಆ ನಗುವಿನಿಂದ ನನಗೆ ನೋವಾಗುತ್ತಿತ್ತು. ಅವಳ ಮನೆಯೊಳಗಿನಿಂದಲೂ ದಿನಾ ಮಧ್ಯಾಹ್ನ "ತಗಿ ಬಾಯ, ತಗಿಯೋ ಅಂದ್ರೆ!" ಎಂಬ ಕೂಗು ಕೇಳುತ್ತಿತ್ತಲ್ಲ, ಅದನ್ನು ನನ್ನ ಗೋಳಿನಲ್ಲಿ ನಾನು ಕಿವಿಗೇ ಹಾಕಿಕೊಂಡಿರಲಿಲ್ಲ.

ಮುಂಗಾರು ಹಿಡಿದುಕೊಂಡ ಹೊಸದು. ಒಂದು ಮಧ್ಯಾಹ್ನ ತುಂತುರು ಬೀಳುತ್ತಿತ್ತು. ಉಮಾ ನನ್ನ ಬಟ್ಟಲಿನಿಂದ ತಪ್ಪಿಸಿಕೊಂಡು ಓಡಿದವಳು ನೇರವಾಗಿ ಜಯಮ್ಮನ ಮನೆಯೊಳಗೆ ನುಗ್ಗಿದಳು. ಹಿಂದೆಯೇ ನಾನು. ಒಳಗೆ ಜಯಮ್ಮ ಗೋಡೆಗೆ ಒರಗಿ ಕೂತು, ಮಂಜನನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಮುದ್ದೆಯ ಚೂರು ಸಾರಿನಲ್ಲಿ ಅದ್ದಿ ಹಿಡಿದಿದ್ದಳು. ಅವನು ಕತ್ತನ್ನು ಅತ್ತ ತಿರುಗಿಸಿದ್ದ. ಉಮಾ ಅವರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತವಳೇ ಬಾಯಿ ತೆರೆದಳು.

ಜಯಮ್ಮ ನನ್ನ ಮುಖ ನೋಡಿದಳು. "ಕೊಡ್ಲಾ, ಅಮ್ಮಾರೆ?"

ಮುದ್ದೆ ದಡಾರ ಬಂದು ಹೋದ ಮಗುವಿಗೆ ಭಾರವಾಗುತ್ತದೆ ಎಂದು ನಾನು ಅಲ್ಲಿಯವರೆಗೆ ಮುಟ್ಟಿಸಿರಲಿಲ್ಲ. ಆದರೆ ತೆರೆದ ಆ ಬಾಯಿಯನ್ನು ಕಂಡು ಎಷ್ಟು ಕಾಲವಾಗಿತ್ತು! ತಲೆಯಾಡಿಸಿದೆ.

"ಅಗೀಬ್ಯಾಡ ಕಣವ್ವಾ. ನುಂಗ್ಬುಡು" ಎಂದು ಜಯಮ್ಮ ಕಡಲೆಕಾಳಿನಷ್ಟು ಮುದ್ದೆಯನ್ನು ನಾಲಿಗೆಯ ಮೇಲಿಟ್ಟಳು. ಉಮಾ ಕಣ್ಣು ಅಗಲಿಸಿ, ಕತ್ತು ಮುಂದಕ್ಕೆ ಚಾಚಿ, ಗುಳುಕ್ ಎಂದು ನುಂಗಿ, ನಗುತ್ತ ಮತ್ತೆ ಬಾಯಿ ತೆರೆದಳು. ಇದನ್ನೆಲ್ಲ ನೋಡುತ್ತಿದ್ದ ಮಂಜ ಅಮ್ಮನ ಕಾಲ ನಡುವಿನಿಂದ ಜಾರಿಕೊಂಡು ಬಂದು, ನನ್ನ ಕೈಯ ಬಟ್ಟಲಿಗೆ ಮೂಗು ತಂದು, "ನಂಗೆ" ಎಂದ. ತುಪ್ಪದ ಅನ್ನ ಅವನ ಬಾಯಿಗೆ ಹೋದದ್ದೇ ತಡ, ಇನ್ನೊಂದು, ಮತ್ತೊಂದು. ಬಟ್ಟಲು ಬರಿದಾಯಿತು.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಮೊದಲು ಜಯಮ್ಮ ನಕ್ಕಳು, ಆಮೇಲೆ ನಾನು. ನಗು ನಿಲ್ಲಲೇ ಇಲ್ಲ.

"ನಾನು ದಿನಾ ನಿಮ್ನ ನೋಡಿ ನಗ್ತಿದ್ನಲ್ಲಾ, ಯಾಕೆ ಗೊತ್ತಾ?" ಎಂದಳು ಜಯಮ್ಮ, ಕಣ್ಣು ಒರೆಸಿಕೊಳ್ಳುತ್ತ. "ಓದ್ದೋರ ಮನೇಲೂ ಇದೇ ಪಾಡಾ ಅಂತ. ಸದ್ಯ, ನಂದೊಬ್ಳದೇ ಅಲ್ವಲ್ಲಾ ಅಂತ ಸಮಾಧಾನ ಆಗ್ತಿತ್ತು."

ಮಾರನೆಯ ದಿನದಿಂದ ಅದೇ ಪದ್ಧತಿಯಾಯಿತು. ಊಟದ ಹೊತ್ತಿಗೆ ಉಮಾ ಆ ಮನೆಗೆ, ಮಂಜ ಈ ಮನೆಗೆ. ನಡುವಿನ ಮೋಟುಗೋಡೆಯ ಮೇಲಿಂದ ನಾವು ಮಕ್ಕಳನ್ನು ಎತ್ತಿ ಕೊಟ್ಟು ಎತ್ತಿ ತೆಗೆದುಕೊಳ್ಳುತ್ತಿದ್ದೆವು. ತನ್ನ ಮನೆಯಲ್ಲಿ ಸೊಪ್ಪಿನ ಎಲೆ ಕಂಡರೆ ಚೀರುತ್ತಿದ್ದ ಮಂಜ ನನ್ನ ಹತ್ತಿರ ದಂಟಿನ ಸೊಪ್ಪಿನ ಪಲ್ಯ ಕೇಳಿ ಹಾಕಿಸಿಕೊಳ್ಳುತ್ತಿದ್ದ. ನನ್ನ ಹುಳಿ ಮುಟ್ಟದ ಉಮಾ ಅಲ್ಲಿ ಹುರುಳಿ ಬಸ್ಸಾರಿಗೆ ಬೆರಳು ನೆಕ್ಕುತ್ತಿದ್ದಳು. ನಾವು ಲಿಂಗಾಯತರು, ಮನೆಯಲ್ಲಿ ಮಾಂಸ ಇಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ಕೋಳಿ ಬೇಯುವ ದಿನ ಬೆಳಿಗ್ಗೆಯೇ ಜಯಮ್ಮ ಗೋಡೆಯ ಮೇಲೆ ತಲೆ ಹಾಕಿ, "ಅಕ್ಕಾ, ಇವತ್ತು ನಮ್ಮನೇಲಿ ಬ್ಯಾಡ. ನಾಳೆ ಕಳಿಸಿ" ಎನ್ನುತ್ತಿದ್ದಳು. ಓವರ್ಸೀರಮ್ಮಾರು ಹೋಗಿ ಅಕ್ಕ ಬಂದದ್ದು ಯಾವ ದಿನವೋ ನೆನಪಿಲ್ಲ.

ಸಂತೋಷವೇನೋ ಸಂತೋಷವೇ. ಆದರೆ ಒಳಗೊಂದು ಮುಳ್ಳು. ಮಂಜ ನನ್ನ ಕೈಯಲ್ಲಿ ಗಬಗಬ ತಿನ್ನುವಾಗ, ನನ್ನ ಮಗಳಿಗೆ ಈ ಕೈ ಯಾಕೆ ಬೇಡವಾಯಿತು ಎನ್ನಿಸುತ್ತಿತ್ತು. ಒಂದು ದಿನ ಬಟ್ಟೆ ಒಗೆಯುತ್ತ ಅದನ್ನು ಹೇಳಿಯೂಬಿಟ್ಟೆ. ಜಯಮ್ಮ ಕೈಯಲ್ಲಿದ್ದ ಸೀರೆಯನ್ನು ಹಿಂಡದೆ ಹಾಗೇ ಹಿಡಿದುಕೊಂಡು, "ನಂಗೂ ಅಂಗೇ ಆಯ್ತದೆ ಕಣಕ್ಕ. ನಾನೇನು ಇಸ ಇಕ್ತೀನಾ ಅಂತ" ಎಂದಳು. ಆಮೇಲೆ ಇಬ್ಬರೂ ಆ ಸೀರೆಯ ಒಂದೊಂದು ತುದಿ ಹಿಡಿದು ಹಿಂಡಿದೆವು.

ಶ್ರಾವಣದಲ್ಲಿ ಅತ್ತೆ ಬಂದರು. ಗುಬ್ಬಿಯಿಂದ ತುಮಕೂರು, ಅಲ್ಲಿಂದ ಕುಣಿಗಲ್, ಅಲ್ಲಿಂದ ಇನ್ನೊಂದು ಬಸ್ಸು. ಇಷ್ಟು ಬಸ್ಸು ಬದಲಾಯಿಸಿ, ಮಳೆಯಲ್ಲಿ ನೆನೆದು, ಕೈಯಲ್ಲೊಂದು ಚೀಲ ಹಿಡಿದು ಮಧ್ಯಾಹ್ನದ ಹೊತ್ತಿಗೆ ಬಾಗಿಲಿಗೆ ಬಂದರೆ ಅವರಿಗೆ ಕಂಡದ್ದೇನು? ನನ್ನ ತೊಡೆಯ ಮೇಲೆ ಯಾರದೋ ಗಂಡುಮಗು ಉಣ್ಣುತ್ತಿದೆ, ಮೊಮ್ಮಗಳು ಮನೆಯಲ್ಲೇ ಇಲ್ಲ.

"ನಮ್ ಕೂಸೆಲ್ಲೇ?"

"ಪಕ್ಕದ ಮನೇಲಿ ಊಟ ಮಾಡ್ತಿದಾಳೆ ಅತ್ತೆ" ಎಂದೆ. ನನ್ನ ಮಾತು ನನಗೇ ವಿಚಿತ್ರವಾಗಿ ಕೇಳಿಸಿತು.

ಅತ್ತೆ ಕೆಟ್ಟವರಲ್ಲ. ಜೋರು ಬಾಯಿ, ಗಟ್ಟಿ ಕೈ, ಮನೆ ತುಂಬ ಮಕ್ಕಳನ್ನು ಸಾಕಿದವರು. ಮುದ್ದೆ ಉಂಡದ್ದಕ್ಕೆ ಅವರೇನೂ ಅನ್ನಲಿಲ್ಲ. ಅವರ ಮನೆಯೂ ಮುದ್ದೆಯ ಮನೆಯೇ. "ಉಣ್ಲಿ, ಗಟ್ಟಿ ಆಗ್ತಾಳೆ" ಎಂದರು. ಅವರಿಗೆ ತಡೆಯಲಾಗದ್ದು ಬೇರೆ. "ತಾಯಿ ಕೈ ಇದ್ದೂ ನೆರೆಮನೆ ಕೈ ಕಾಯಂಗೆ ಮಾಡ್ತಿಯಲ್ಲೇ. ನಾಳೆ ವರ್ಗ ಆಯ್ತದೆ, ಅವಾಗ ಆ ಜಯಮ್ಮನ್ನೂ ಮೂಟೆ ಕಟ್ಕೊಂಡು ಹೋಗ್ತೀಯಾ?"

ಅದು ನನ್ನ ಪ್ರಶ್ನೆಯೂ ಆಗಿತ್ತು.

ಅತ್ತೆ ಚೀಲದಿಂದ ಹುರಿಹಿಟ್ಟು, ಬೆಲ್ಲ, ಮತ್ತೆ ಒಂದು ಒಳಲೆ ತೆಗೆದರು. ಕೂಸುಗಳಿಗೆ ಹಾಲು, ಗಂಜಿ ಹುಯ್ಯಲು ಬಳಸುವ, ಮೂತಿ ಇರುವ ಪುಟ್ಟ ಹಿತ್ತಾಳೆ ಪಾತ್ರೆ ಅದು. ಅವರ ಮಕ್ಕಳೆಲ್ಲ ಅದರಲ್ಲೇ ಕುಡಿದವರಂತೆ. ಕಾಲು ನೀಡಿ ಕೂತು, ಉಮಾಳನ್ನು ಕಾಲ ಮೇಲೆ ಅಂಗಾತ ಮಲಗಿಸಿ, ರಾಗಿ ಸರಿ ಬಾಯಿಗೆ ಹುಯ್ದರು. ಎರಡು ವರ್ಷದ ಹುಡುಗಿ ಹಸುಗೂಸಿನ ಹಾಗೆ ಸುಮ್ಮನಿರುತ್ತಾಳೆಯೇ? ಕೈಕಾಲು ಬಡಿದಳು, ಕೆಮ್ಮಿದಳು, ನುಂಗಿದ್ದನ್ನು ಅತ್ತೆಯ ಸೀರೆಯ ಮೇಲೇ ಕಾರಿದಳು. ಅತ್ತೆ ಸೀರೆ ಬದಲಾಯಿಸಿ ಬಂದು ಮತ್ತೆ ಹುಯ್ದರು. ಹೀಗೆ ಅವರು ಇದ್ದಷ್ಟು ದಿನ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ತಡೆಯುವ ಧೈರ್ಯವಾಗಲಿಲ್ಲ. ಗೋಡೆಯಾಚೆ ಜಯಮ್ಮ ನಿಂತಿರುವುದೂ ಗೊತ್ತಾಗುತ್ತಿತ್ತು.

ಹೊರಡುವ ದಿನ ಬಸ್ಸು ಕಾಯುತ್ತ ಅತ್ತೆ ನನ್ನ ಕೈ ಹಿಡಿದುಕೊಂಡರು. ದನಿ ಇಳಿದಿತ್ತು. "ನಿನ್ ಗಂಡನ ಮೇಲಿಂದು ಒಂದು ಕೂಸಿತ್ತು. ಗೊತ್ತಾ ನಿಂಗೆ? ಇಂಗೇ ದಡಾರ ಬಂತು, ಇಂಗೇ ಊಟ ಬುಡ್ತು. ನಾನು ಹೊಲದ ಕೆಲಸದಾಗಿದ್ದೆ. ಉಣ್ತಾಳೆ ಬುಡು ಅಂದ್ಕಂಡೆ. ಉಣ್ಣಲೇ ಇಲ್ಲ ಅವಳು." ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ, ಮತ್ತೆ ಹಳೆಯ ಜೋರು ದನಿಯಲ್ಲಿ ಹೇಳಿದರು: "ದೀಪಾವಳಿಗೆ ಬತ್ತೀನಿ. ಅಷ್ಟರಾಗೆ ಕೂಸು ನೆಟ್ಟಗೆ ಉಣ್ಲಿಲ್ಲ ಅಂದ್ರೆ ಗುಬ್ಬಿಗೆ ಕರ್ಕಂಡೋಗ್ತೀನಿ. ನಾನೇ ಸಾಕ್ತೀನಿ."

ನನ್ನವರಿಗೆ ಒಬ್ಬ ಅಕ್ಕ ಇದ್ದಳೆಂಬುದು ನನಗೆ ಅಂದೇ ತಿಳಿದದ್ದು. ಕೋಪ ಮಾಡಿಕೊಳ್ಳೋಣವೆಂದರೆ ಅತ್ತೆ ಅದಕ್ಕೂ ಅವಕಾಶ ಕೊಡದೆ ಹೋಗಿದ್ದರು.

ಅವರು ಹೋದ ಮೇಲೆ ಪರಿಸ್ಥಿತಿ ಇನ್ನೂ ಕೆಟ್ಟಿತು. ಉಮಾ ಈಗ ಬಟ್ಟಲು ಕಂಡರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು. ಜಯಮ್ಮನ ಮನೆಗೂ ಹೋಗಲೊಲ್ಲಳು. ಮುದ್ದೆಯ ಚೂರು ಹಿಡಿದು ಜಯಮ್ಮ "ಬಾರವ್ವಾ, ನಿನ್ ಚಿಕ್ಕವ್ವ ಕಣೇ" ಎಂದರೆ ತುಟಿ ಬಿಗಿದು ನನ್ನ ಸೆರಗಿನ ಹಿಂದೆ ನಿಲ್ಲುವಳು. ಉಮಾ ಬರದಿದ್ದರೆ ಮಂಜನೂ ಇತ್ತ ಬರಲೊಲ್ಲ. ಮತ್ತೆ ಬಾವಿಕಟ್ಟೆ, ಹೊಂಗೆ ಮರ, ಜೀಪು. ಮತ್ತೆ ಹಾಲು, ಬಿಸ್ಕತ್ತು. ನಾನು ತುಮಕೂರಿನ ಅಮ್ಮನನ್ನು ನೆನೆದು ಹಿತ್ತಲಿನಲ್ಲಿ ಕೂತು ಅತ್ತದ್ದೂ ಉಂಟು.

ಆ ವರ್ಷ ಮಳೆ ಮಾತ್ರ ಯಾರ ಚಿಂತೆಯನ್ನೂ ಕೇಳದೆ ಸುರಿಯಿತು. ಶಿಂಷಾ ಕೆಂಪಗೆ ಉಕ್ಕಿ ಬಂದು ಕೆರೆ ದಿನದಿನಕ್ಕೆ ಮೇಲೇರಿತು. ಒಣ ಕೆಸರು ಇದ್ದ ಜಾಗದಲ್ಲಿ ಕಣ್ಣು ಹರಿಯುವಷ್ಟು ನೀರು. ನನ್ನವರು, ನಂಜೇಗೌಡರು ಮನೆಗೆ ಬರುವುದೇ ಅಪರೂಪವಾಯಿತು. ಮಾರ್ಕೋನಹಳ್ಳಿ ಕಟ್ಟೆಯಲ್ಲಿ ಸೈಫನ್ ಇದೆ. ನೀರು ಒಂದು ಮಟ್ಟ ಮುಟ್ಟಿತೆಂದರೆ ಯಾರೂ ಗೇಟು ಎತ್ತಬೇಕಾಗಿಲ್ಲ, ನೀರು ತಾನೇ ಸೆಳೆದುಕೊಂಡು ಆಚೆ ಬದಿಗೆ ಧುಮುಕುತ್ತದೆ. ಅದು ಯಾವಾಗ ಶುರುವಾಗುತ್ತದೋ ಎಂದು ಸುತ್ತಮುತ್ತಲ ಹಳ್ಳಿಯವರೆಲ್ಲ ಕಾಯುತ್ತಿದ್ದರು. ನಾಳೆ ನಾಡಿದ್ದರಲ್ಲಿ ಸೈಫನ್ ಹೊಡೆಯುತ್ತದೆ ಎಂದು ಸುದ್ದಿ ಹಬ್ಬಿದ ಮೇಲಂತೂ ಎತ್ತಿನ ಗಾಡಿ ಕಟ್ಟಿಕೊಂಡು ಜನ ಬಂದರು. ಕಳ್ಳೇಪುರಿ ಮಾರುವವನೂ ಬಂದ.

ಮಳೆ ಹೊಳವಾದ ಒಂದು ಬೆಳಿಗ್ಗೆ ಜಯಮ್ಮ ಗೋಡೆಯ ಮೇಲೆ ತಲೆ ಹಾಕಿದಳು. "ಅಕ್ಕಾ, ಇವತ್ತು ಒಡೀತದಂತೆ. ನಮ್ಮೋರು ಯೋಳವ್ರೆ. ಬುತ್ತಿ ಕಟ್ಟಿ, ನೋಡ್ಕೊಂಡು ಬರಾಣ."

"ಇವಳಿಗೆ ಇನ್ನೂ ತಿಂಡಿ ತಿನ್ನಿಸಿಲ್ಲ ಕಣೇ."

"ಅಯ್ಯೋ ಬುಡಿ ಅತ್ಲಾಗೆ! ತಿನ್ಸಕ್ಕೋದ್ರೆ ಸೈಫನ್ ಒಡ್ದು ನಿಂತೋಗಿರ್ತದೆ."

ಚಿತ್ರಾನ್ನ ಕಲಸಿದೆ, ಅವಳು ರೊಟ್ಟಿ ತಟ್ಟಿ ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡಳು. ಅವಸರದಲ್ಲಿ ಹಾಲು ಬಿಸ್ಕತ್ತು ಎರಡೂ ಮರೆತೆ. ದಿಬ್ಬದ ಮೇಲೆ, ನೀರಿನಿಂದ ದೂರ, ಬೇಲಿಯ ಈಚೆ ಒಂದು ಮರದಡಿ ಕಂಬಳಿ ಹಾಸಿ ಮಕ್ಕಳನ್ನು ಕೂರಿಸಿ, ಬುತ್ತಿ ಪಕ್ಕದಲ್ಲಿಟ್ಟು ನಾವೂ ಕೂತೆವು. ಬಿಸಿಲು ಏರಿತು, ಸೈಫನ್ ಹೊಡೆಯಲಿಲ್ಲ. ಊಟದ ಹೊತ್ತು ಮೀರಿತು, ಹೊಡೆಯಲಿಲ್ಲ. ಎದ್ದು ಹೋದರೆ ಎಲ್ಲಿ ತಪ್ಪಿಹೋಗುತ್ತದೋ ಎಂದು ಯಾರೂ ಏಳಲೊಲ್ಲರು, ಊಟದ ನೆನಪೂ ಯಾರಿಗೂ ಇಲ್ಲ. ಆಮೇಲೆ ಒಮ್ಮೆಗೇ ನೆಲದೊಳಗಿನಿಂದ ಗುಡುಗಿದಂತಾಯಿತು. ಜನ "ಹೋ" ಎಂದು ಎದ್ದು ನಿಂತರು. ಬಿಳಿ ನೊರೆ ಕಟ್ಟಿಕೊಂಡು ನೀರು ಕೆಳಕ್ಕೆ ನುಗ್ಗಿತು. ಅದರ ಹನಿ ನಮ್ಮ ಮುಖಕ್ಕೆ ಸಿಡಿಯಿತು. ಜಯಮ್ಮ ನನ್ನ ತೋಳು ಹಿಡಿದು ಕುಣಿದಾಡಿದಳು. ನಾನೂ ಕೂಗಿದೆ. ಮದುವೆಯಾದ ಮೇಲೆ ಅಷ್ಟು ಗಟ್ಟಿಯಾಗಿ ನಾನು ಕೂಗಿರಲಿಲ್ಲ.

ಒಂದಷ್ಟು ಹೊತ್ತು ಲೋಕವೇ ಮರೆತುಹೋಯಿತು. ಆಮೇಲೆ ಜಯಮ್ಮ ಇದ್ದಕ್ಕಿದ್ದಂತೆ, "ಅಕ್ಕಾ, ಮಕ್ಳು!" ಎಂದಳು. ಇಬ್ಬರೂ ಗಿರಕ್ಕನೆ ತಿರುಗಿದೆವು.

ಮಕ್ಕಳು ಕಂಬಳಿಯ ಮೇಲೇ ಇದ್ದರು. ಬುತ್ತಿಯ ಗಂಟು ಬಿಚ್ಚಿತ್ತು, ಕ್ಯಾರಿಯರ್ ಮುಚ್ಚಳ ಉರುಳಿ ಬಿದ್ದಿತ್ತು. ಉಮಾ ಎರಡೂ ಕೈಯಲ್ಲಿ ಚಿತ್ರಾನ್ನ ಬಾಚಿ ಬಾಚಿ ಬಾಯಿಗೆ ತುಂಬಿಕೊಳ್ಳುತ್ತಿದ್ದಳು. ಮಂಜ ರೊಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತಿದ್ದ. ನಡುನಡುವೆ ಅವಳು ಅವನ ರೊಟ್ಟಿ ಕಿತ್ತುಕೊಳ್ಳುವಳು, ಅವನು ಅವಳ ಅನ್ನಕ್ಕೆ ಕೈ ಹಾಕುವನು. ಗಲ್ಲ, ಮೂಗು, ತಲೆಗೂದಲು ಎಲ್ಲ ಅರಿಸಿನ, ಮೇಲೆ ಹುಚ್ಚೆಳ್ಳಿನ ಕಪ್ಪು. ಅವರಿಗೆ ನೀರೂ ಬೇಕಿಲ್ಲ, ನಾವೂ ಬೇಕಿಲ್ಲ. ನಾನು ಓಡಿ ಹೋಗಿ ಉಮಾಳ ಬಾಯಿ ಒರೆಸಲು ಸೆರಗು ಎತ್ತಿದೆ. ಜಯಮ್ಮ ಹಿಂದಿನಿಂದ ನನ್ನ ಸೆರಗು ಹಿಡಿದೆಳೆದಳು.

"ಸುಮ್ಕಿರಿ ಅಕ್ಕ. ನೋಡ್ಬ್ಯಾಡಿ. ನೋಡಿದ್ರೆ ನಿಲ್ಸ್‌ಬುಡ್ತವೆ."

ನಾವು ಬೆನ್ನು ತಿರುಗಿಸಿ ಕೂತು, ಓರೆಗಣ್ಣಿನಲ್ಲಿ ನೋಡುತ್ತ, ಸದ್ದಿಲ್ಲದೆ ನಕ್ಕೆವು. ನಮಗೆ ಬುತ್ತಿಯಲ್ಲಿ ಉಳಿದದ್ದು ಒಣಮೆಣಸಿನಕಾಯಿ ಮತ್ತು ಕರಿಬೇವು. ಕಳ್ಳೇಪುರಿ ಕೊಂಡು ತಿಂದು ಮನೆಗೆ ಬಂದೆವು. ದಾರಿಯುದ್ದಕ್ಕೂ ಹಸಿವಿನ ಬಗ್ಗೆ ಕುಣಿಗಲ್ ಡಾಕ್ಟರು ಕೇಳಿದ ಮಾತು ನನ್ನ ಕಿವಿಯಲ್ಲೇ ಇತ್ತು.

ಮಾರನೆಯ ದಿನ ನಾನು ಹಾಲಿನ ಲೋಟ ಒಳಗಿಟ್ಟೆ. ಬಿಸ್ಕತ್ತಿನ ಡಬ್ಬಿಯನ್ನು ನನ್ನವರ ಕೈಗೆ ಕೊಟ್ಟು ಆಫೀಸಿಗೆ ಸಾಗಿಸಿದೆ. ಊಟದ ಹೊತ್ತಿಗೆ ನೆಲದ ಮೇಲೆ ಎರಡು ಪುಟ್ಟ ತಟ್ಟೆ ಇಟ್ಟು, ಎರಡೂ ಮಕ್ಕಳನ್ನು ಎದುರುಬದುರು ಕೂರಿಸಿ, ನಾವೂ ಪಕ್ಕದಲ್ಲಿ ತಟ್ಟೆ ಹಾಕಿಕೊಂಡು ಕೂತೆವು. ಒಂದು ದಿನ ನಮ್ಮ ಮನೆ, ಒಂದು ದಿನ ಅವಳ ಮನೆ. ಕರೆಯುವುದಿಲ್ಲ, ಗೋಗರೆಯುವುದಿಲ್ಲ, ಗುಮ್ಮನ ಹೆದರಿಕೆ ಇಲ್ಲ. ಉಂಡರೆ ಉಣ್ಣಲಿ, ಬಿಟ್ಟರೆ ಬಿಡಲಿ.

ಹೇಳುವಷ್ಟು ಸುಲಭವಿರಲಿಲ್ಲ. ಮೊದಲ ದಿನ ಉಮಾ ಅನ್ನದಲ್ಲಿ ಮನೆ ಕಟ್ಟಿದಳು. ಎರಡನೆಯ ದಿನ ಸಾರನ್ನು ಮಂಜನ ತಲೆಗೆ ಸುರಿದಳು. ತಿಂದದ್ದು ಒಂದು ಹಿಡಿಯೂ ಇಲ್ಲ. ಸಂಜೆಯಾಗುತ್ತಲೇ ನನ್ನ ಕೈ ತಾನಾಗಿ ಹಾಲಿನ ಪಾತ್ರೆಯ ಕಡೆ ಹೋಗುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಹೇಳಿದ ಕೂಸು ಕಣ್ಣ ಮುಂದೆ ಬರುತ್ತಿತ್ತು. ಇವಳೂ ಉಣ್ಣದೇ ಹೋದರೆ? ಅಂಥ ಹೊತ್ತಿನಲ್ಲಿ ಜಯಮ್ಮ ಬಂದು ಹೊಸಿಲ ಮೇಲೆ ಕೂತು ಏನಾದರೂ ಹರಟೆ ಹೊಡೆಯುತ್ತಿದ್ದಳು, ಅವಳಿಗೆ ಕಳವಳವಾದಾಗ ನಾನು ಹೋಗಿ ಕೂರುತ್ತಿದ್ದೆ. ಮೆಲ್ಲಗೆ, ಒಂದೊಂದೇ ಹಿಡಿಯಾಗಿ, ಊಟ ಒಳಗೆ ಹೋಗತೊಡಗಿತು. ಒಬ್ಬರು ಇನ್ನೊಂದು ಸಲ ಹಾಕಿಸಿಕೊಂಡರೆ ಇನ್ನೊಬ್ಬರಿಗೂ ಬೇಕು. ಒಂದು ಮಧ್ಯಾಹ್ನ ಉಮಾ ತಟ್ಟೆ ಹಿಡಿದುಕೊಂಡು ಒಲೆಯ ಹತ್ತಿರ ಬಂದು, "ಅಮ್ಮ, ಹಸಿವು" ಎಂದಳು. ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಹಾಗಲಕಾಯಿಯ ಕಥೆಯೂ ಆಗಲೇ ನಡೆದದ್ದು. ಅದು ನನ್ನವರಿಗೆ ಇಷ್ಟ, ನನಗೆ ಆಗದು. ಉಮಾ ಅದನ್ನು ಕಂಡರೆ ಮುಖ ಹಿಂಡುತ್ತಿದ್ದಳು. "ಅದನ್ನ ಎಲ್ಲಿ ಕಲಿತ್ಳು ಅಂತೀಯಾ? ಹಾಕೋವಾಗ ನಿನ್ ಮುಖ ಒಂದ್ಸಲ ಕನ್ನಡೀಲಿ ನೋಡ್ಕೋ" ಎಂದರು ನನ್ನವರು. ನೋಡಿಕೊಂಡೆ. ನಿಜವೇ. ಅಂದಿನಿಂದ ಅವಳ ಎದುರು ಕೂತು, ಮುಖ ನೆಟ್ಟಗಿಟ್ಟುಕೊಂಡು ಹಾಗಲಕಾಯಿ ಗೊಜ್ಜು ತಿಂದೆ. ಅವಳಿಗೆ ರುಚಿ ಹತ್ತಿತು. ಆಶ್ಚರ್ಯವೆಂದರೆ, ದಿನ ಕಳೆದಂತೆ ನನಗೂ ಹತ್ತಿತು.

ದೀಪಾವಳಿಗೆ ಮುಂಚೆ ಅತ್ತೆ ಬಂದೇ ಬಂದರು. ಚೀಲ ಕೆಳಗಿಡುವ ಮೊದಲೇ ಉಮಾಳನ್ನು ಎತ್ತಿ, ತೋಳು ಹಿಸುಕಿ, ಕೆನ್ನೆ ಚಿವುಟಿ ನೋಡಿದರು. ಅವಳೇನೂ ಗುಂಡಗಾಗಿರಲಿಲ್ಲ. ಓಡಾಟದ ಮೈ. "ಮೈ ಬಂದಿಲ್ಲವಲ್ಲೇ" ಎಂದರು.

ಮಧ್ಯಾಹ್ನ ಮುದ್ದೆ ಮಾಡಿದೆ. ಅಷ್ಟು ತಿಂಗಳಲ್ಲಿ ಗಂಟಿಲ್ಲದೆ ತೊಳಸುವುದನ್ನು ಕಲಿತಿದ್ದೆ. ಜೊತೆಗೆ ಹುರುಳಿಕಾಳಿನ ಬಸ್ಸಾರು, ಹಾಗಲಕಾಯಿ ಗೊಜ್ಜು. ಅತ್ತೆ ಅಭ್ಯಾಸಬಲದಿಂದ ಕಾಲು ನೀಡಿ ಕೂತು, ಮೊಮ್ಮಗಳ ಬಟ್ಟಲಿಗೆ ಕೈ ಚಾಚಿದರು. ಉಮಾ ಅಜ್ಜಿಯನ್ನು ಸುತ್ತುಹಾಕಿ ಬಂದು, ತನ್ನ ತಟ್ಟೆಯ ಮುಂದೆ ಕೂತು, ಮುದ್ದೆ ಮುರಿಯತೊಡಗಿದಳು. ಸಾರು ನೆಲಕ್ಕೆ ಚೆಲ್ಲಿತು, ಲಂಗಕ್ಕೆ ಸೋರಿತು. ಅತ್ತೆಯ ಕೈ ಮುಂದೆ ಬಂತು.

"ಅತ್ತೆ, ಒಂಚೂರು ಬಿಡಿ" ಎಂದೆ. ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಅತ್ತೆ ನನ್ನನ್ನು ನೋಡಿದರು. ಕೈ ಹಿಂದೆ ಹೋಯಿತು. ಉಮಾ ಚೂರು ಅದ್ದಿದಳು, ನುಂಗಿದಳು, ಅದ್ದಿದಳು, ನುಂಗಿದಳು. ನಡುವೆ ಗೊಜ್ಜಿಗೆ ಬೆರಳು ಹಾಕಿ ನೆಕ್ಕಿ, "ಅಜ್ಜಿ, ಇದು ಕಹಿ. ಚೆನ್ನಾಗೈತೆ" ಎಂದಳು. ಅವಳ ತಟ್ಟೆ ಬರಿದಾಗುವವರೆಗೂ ಅತ್ತೆ ಕಣ್ಣು ಮಿಟುಕಿಸಲಿಲ್ಲ. ಗುಬ್ಬಿಗೆ ಕರೆದೊಯ್ಯುವ ಮಾತು ಅವರ ಬಾಯಿಂದ ಬರಲಿಲ್ಲ, ಆಮೇಲೆ ಎಂದೂ ಬರಲಿಲ್ಲ. ಸೆರಗಿನ ತುದಿಯಿಂದ ಒಮ್ಮೆ ಕಣ್ಣು ಒತ್ತಿಕೊಂಡು, ಮಡಿಲಲ್ಲಿ ಬಿದ್ದಿದ್ದ ತಮ್ಮ ಎರಡೂ ಕೈಗಳನ್ನು ನೋಡಿಕೊಂಡು, "ಈ ಕೈಗೆ ಈಗೇನು ಕೆಲಸಾನೇ ಇಲ್ವಲ್ಲೇ" ಎಂದು ನಕ್ಕರು.

"ಇದೆಯಲ್ಲ ಅತ್ತೆ" ಎಂದು ಅವರ ಮುಂದೆ ಒಂದು ತಟ್ಟೆ ಇಟ್ಟೆ. ಒಲೆಯಿಂದ ಆಗತಾನೇ ಇಳಿಸಿ ಕಟ್ಟಿದ ಮುದ್ದೆ ಹಾಕಿದೆ. ನನಗೂ ಒಂದು ಹಾಕಿಕೊಂಡು ಪಕ್ಕದಲ್ಲಿ ಕೂತೆ. ಅತ್ತೆ ಎಲ್ಲರಿಗೂ ಬಡಿಸಿ, ಮಕ್ಕಳಿಗೆಲ್ಲ ಉಣ್ಣಿಸಿ, ಪಾತ್ರೆಯ ತಳದಲ್ಲಿ ಆರಿ ಉಳಿದದ್ದನ್ನು ಕೊನೆಗೆ ಉಣ್ಣುವುದನ್ನೇ ನಾನು ನೋಡಿದ್ದೆ. ಅವರ ತಟ್ಟೆಯಿಂದ ಹಬೆ ಏಳುವುದನ್ನು ಎಂದೂ ನೋಡಿರಲಿಲ್ಲ.

ಅವರು ಸ್ವಲ್ಪ ಹೊತ್ತು ಆ ಹಬೆಯನ್ನೇ ನೋಡುತ್ತ ಕೂತರು. ಆಮೇಲೆ ಮುದ್ದೆಗೆ ಬೆರಳು ಹಾಕಿದವರೇ ಥಟ್ಟನೆ ಹಿಂದಕ್ಕೆಳೆದು, ಬಾಯಿಂದ ಊದಿಕೊಂಡು, ನನ್ನ ಕಡೆ ತಿರುಗಿ ಚಿಕ್ಕ ಹುಡುಗಿಯ ಹಾಗೆ ನಕ್ಕರು.

"ಮಾಡೋವಾಗ ಸುಡೋದು ಗೊತ್ತಿತ್ತು ಕಣೇ. ಉಣ್ಣೋವಾಗ್ಲೂ ಸುಡ್ತೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."